ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಗಜನಿ

ಕಗ್ಗದ ಕೊಯ್ಲಿನ ಗಡಿಬಿಡಿಯಲ್ಲಿ ಬಹಳ ದಿನ ಏನೂ ಬರೆಯಲಾಗಲಿಲ್ಲ. ಕೊಯ್ಲಿನ ವಿಷಯ ಇನ್ನೊಂದು ದಿನ ಬರೀತೇನೆ. ಹೋದ ವಾರ ಜಗಲಿಯ ಫೋಟೋ ಹಾಕಿದಾಗ ಹಿಂದೆ ಒಂದು ಮೀನಿನ ಪೆಟ್ಟಿಗೆ ಕಾಣ್ತಿತ್ತಲ್ಲ, ಅದರ ಬಗ್ಗೆಯೇ ತುಂಬಾ ಜನ ಕೇಳಿದ್ರು. ಗಜನಿ ರೈತನಿಗೆ ಅಕ್ವೇರಿಯಂ ಹುಚ್ಚು ಯಾಕೆ ಅಂತ ಒಬ್ಬರು ನಕ್ಕಿದ್ದೂ ಉಂಟು. ನಗುವಂಥದ್ದೇ. ಆದರೆ ಅದರ ಹಿಂದೆ ನಾನು ಮಾಡಿದ ಒಂದು ತಪ್ಪು ಇದೆ, ಅದನ್ನೂ ಸೇರಿಸಿಯೇ ಹೇಳ್ತೇನೆ.

ಪೆಟ್ಟಿಗೆ ಮಗನದ್ದು. ಬೆಂಗಳೂರಲ್ಲಿ ಮೊಮ್ಮಗಳಿಗೆ ಅಂತ ತಗೊಂಡಿದ್ದ. ಅವಳಿಗೆ ಏಳು ವರ್ಷ. ಸಿನಿಮಾದಲ್ಲಿ ಬರುವ ಕಿತ್ತಳೆ ಬಣ್ಣದ ನೀಮೋ ಮೀನೇ ಬೇಕು ಅಂತ ಹಟ. ಪ್ಯಾಕೆಟ್ ಉಪ್ಪು ಕಲಸಿ ಸಮುದ್ರದ ನೀರು ಮಾಡಿ ಎರಡು ಸಲ ಮೀನು ತಂದು ಬಿಟ್ಟ, ಎರಡು ಸಲವೂ ಸತ್ತವು. ಮಗು ಕೇಳಿದಾಗ "ಅಂಗಡಿಗೆ ವಾಪಸ್ ಕೊಟ್ಟೆ" ಅಂದನಂತೆ. ದಸರಾ ರಜೆಗೆ ಬರುವಾಗ ಖಾಲಿ ಪೆಟ್ಟಿಗೆಯನ್ನ ಕಾರಿನಲ್ಲಿ ಹಾಕ್ಕೊಂಡು ಬಂದ. ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಹದಿನೈದು ಇಂಚು ಎತ್ತರ. ಬಾಯಿ ತನಕ ತುಂಬಿದರೆ 88 ಲೀಟರ್, ಮೇಲೆ ಜಾಗ ಬಿಟ್ಟರೆ 75 ಹಿಡಿಯುತ್ತದೆ.

"ನೀಮೋ ಅಂಡಮಾನಿನ ಕಡೆಯದ್ದು ಮಗಾ, ಅದರ ಮನೆ ಬೇರೆ. ನಾವು ಅಘನಾಶಿನಿಯನ್ನೇ ಇದರೊಳಗೆ ಹಾಕುವ" ಅಂದೆ ನಾನು. ಅವಳಿಗೆ ಖುಷಿ. ನನಗೆ ಅವಳಿಗಿಂತ ಜಾಸ್ತಿ. ನಿಯಮ ಒಂದೇ ಮಾಡಿಕೊಂಡೆವು: ನಮ್ಮ ಜಂತ್ರಡಿಯಿಂದ ಒಂದು ಮೈಲಿ ಒಳಗೆ ಸಿಗದ್ದು ಯಾವುದೂ ಪೆಟ್ಟಿಗೆಗೆ ಬರಬಾರದು. ನೀರು, ಹೊಯ್ಗೆ, ಕಲ್ಲು, ಮೀನು ಎಲ್ಲ ಇಲ್ಲಿಯದ್ದೇ. (ಹೊಸಬರಿಗೆ: ಗಜನಿ ಅಂದ್ರೆ ಹೊಳೆ ಸಮುದ್ರ ಸೇರುವ ಕಡೆಯ ಉಪ್ಪುನೀರಿನ ಗದ್ದೆ. ಜಂತ್ರಡಿ ಅಂದ್ರೆ ಒಡ್ಡಿನಲ್ಲಿರುವ ಹಲಗೆ ಬಾಗಿಲು. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಬ್ಬರದ ನೀರು ಬಿಟ್ಟರೆ ಮೀನು, ಶೆಟ್ಲಿ.)

ಈಗ ತಪ್ಪಿನ ವಿಷಯ. ಹೊಸ ಪೆಟ್ಟಿಗೆಗೆ ಉಬ್ಬರದ ನೀರು ತುಂಬಿಸಿದ ಮಾರನೇ ದಿನವೇ ಸಣ್ಣ ಬಲೆಯಲ್ಲಿ ಹಿಡಿದ ಹದಿನಾರು ಮರಿ ಮೀನು ಬಿಟ್ಟೆ. ಗಜನಿ ಥರಾನೇ ಕಾಣಲಿ ಅಂತ ಮೊದಲು ಕೊಯ್ದ ಮೂಲೆಯಿಂದ ಒಂದು ಹಿಡಿ ಕಗ್ಗದ ಕೂಳೆ ಕಿತ್ತು ತಂದು ನೆಟ್ಟೆ. ನೋಡ್ಲಿಕ್ಕೆ ಬಹಳ ಚಂದ. ಮೊಮ್ಮಗಳು ದಿನಕ್ಕೆ ನಾಲ್ಕು ಸಲ ಶೆಟ್ಲಿ ಚೂರು ಹಾಕ್ತಿದ್ದಳು, ನಾನೂ ಬೇಡ ಅನ್ನಲಿಲ್ಲ. ನಾಲ್ಕನೇ ದಿನ ಬೆಳಗಿನ ಜಾವ ಎದ್ದು ನೋಡಿದರೆ ನೀರು ಹಾಲಿನ ಹಾಗೆ ಬಿಳಿಚಿದೆ, ವಾಸನೆ, ಹನ್ನೊಂದು ಮೀನು ಮೇಲೆ ತೇಲ್ತಿವೆ. ಉಳಿದವು ಬಾಯಿ ಮೇಲೆ ಮಾಡಿ ಗುಟುಕು ಹಾಕ್ತಿದ್ದವು.

ಮಗು ಏಳುವ ಮೊದಲೇ ಸತ್ತವನ್ನೆಲ್ಲ ತೆಂಗಿನ ಬುಡಕ್ಕೆ ಹಾಕಿ, ಬದುಕಿದ ಐದನ್ನು ಜಂತ್ರಡಿ ಹತ್ತಿರ ಬಿಟ್ಟು ಬಂದೆ. ಅವಳು ಎದ್ದು ಕೇಳಿದಳು. "ಎಲ್ಲಾನೂ ಹೊಳೆಗೆ ಬಿಟ್ಟೆ ಮಗಾ, ಅವಕ್ಕೆ ಅಮ್ಮನ ನೆನಪಾಗಿತ್ತು" ಅಂದೆ. ಮಗ ಅಲ್ಲೇ ಚಾ ಕುಡೀತಾ ಕೂತಿದ್ದ. ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಮಧ್ಯಾಹ್ನ ಬೆಕ್ಕು ತೆಂಗಿನ ಬುಡ ಕೆದರಿತ್ತು. ಹುಡುಗಿ ನೋಡಿದಳು. ಅಳಲಿಲ್ಲ. ಒಳಗೆ ಬಂದು "ಅಜ್ಜಾ, ನೀನೂ ಅಪ್ಪನ ಹಾಗೇ ಹೇಳ್ತಿ" ಅಂದು ಅಜ್ಜಿ ಹತ್ತಿರ ಹೋಗಿ ಕೂತಳು. ರಜೆ ಮುಗಿಯುವ ತನಕ ಪೆಟ್ಟಿಗೆ ಕಡೆ ತಲೆ ಹಾಕಲಿಲ್ಲ.

ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ. ಗೊತ್ತಿಲ್ಲದೆ ಮಾಡಿದ್ದಲ್ಲ ಇದು. ಬೇಸಿಗೆಯಲ್ಲಿ ನಾಲ್ಕು ದಿನ ಜಂತ್ರಡಿ ಮುಚ್ಚೇ ಇದ್ದರೆ ಗಜನಿಯ ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುವುದನ್ನ ನಾನು ಎಷ್ಟು ಸಲ ನೋಡಿಲ್ಲ. ಕೂಳೆ ಗದ್ದೆಯಲ್ಲಿ ಕೊಳೆತರೆ ಶೆಟ್ಲಿಗೆ ಮೇವು, ಯಾಕಂದ್ರೆ ದಿನಕ್ಕೆ ಎರಡು ಸಲ ಉಬ್ಬರ ಇಳಿತ ಬಂದು ಕೊಳೆ ತೊಳೆದು ಹೋಗ್ತದೆ. ಪೆಟ್ಟಿಗೆಗೆ ಎಲ್ಲಿಯ ಇಳಿತ? ಅದೇ ಕೂಳೆ ಅಲ್ಲಿ ವಿಷ ಆಯ್ತು.

ಅವರು ಹೋದ ಮೇಲೆ ಪೆಟ್ಟಿಗೆ ತೊಳೆದು ಬಿಸಿಲಲ್ಲಿ ಒಣಗಿಸಿ ಮತ್ತೆ ಶುರು ಮಾಡಿದೆ. ಈ ಸಲ ಓದಿಕೊಂಡು, ಕೇಳಿಕೊಂಡು. ವಿಷಯ ನಮ್ಮ ಗೊಬ್ಬರದ ಗುಂಡಿಯದ್ದೇ. ಮೀನಿನ ಹೇಲು, ಉಳಿದ ಮೇವು ಕೊಳೆತರೆ ಅಮೋನಿಯಾ ಆಗ್ತದೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತದೆ, ಅದು ಮೀನಿಗೆ ಅಷ್ಟು ತೊಂದರೆ ಇಲ್ಲ, ಗಿಡಕ್ಕೆ ಊಟ. ಈ ಎರಡೂ ಜಾತಿ ಹೊಸ ಪೆಟ್ಟಿಗೆಯಲ್ಲಿ ನೆಲೆಯಾಗಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಹಸಿ ಸಗಣಿ ಹಾಕಿ ಅದೇ ದಿನ ಸಸಿ ನೆಟ್ಟರೆ ಸುಟ್ಟು ಹೋಗುವುದಿಲ್ಲವೆ, ಹಾಗೆ.

ಜಂತ್ರಡಿ ಪಕ್ಕದ ಪಾಚಿ ಹಿಡಿದ ಮೂರು ಕಲ್ಲು ತಂದಿಟ್ಟೆ. ಮೀನು ಇಲ್ಲದೆ ಒಂದು ಸತ್ತ ಶೆಟ್ಲಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟೆ. ಸ್ಪಂಜಿನ ಫಿಲ್ಟರಿಗೆ ಬ್ಯಾಟರಿಯಲ್ಲೂ ಓಡುವ ಗಾಳಿ ಪಂಪು, ನಮ್ಮಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಹನಿ ಹಾಕಿ ನೋಡುವ ಪರೀಕ್ಷೆ ಕಿಟ್ಟು ಒಂದು ತರಿಸಿದೆ. ಆರನೇ ವಾರಕ್ಕೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿತು. "ಖಾಲಿ ನೀರಿಗೆ ಊಟ ಹಾಕ್ತಾ ಇದ್ದೀರಿ" ಅಂತ ನಮ್ಮನೆಯವಳು ನಕ್ಕಳು.

ಉಪ್ಪಿನ ಬಗ್ಗೆ ಎರಡು ಮಾತು. ಸಾಣಿಕಟ್ಟೆಯ ಉಪ್ಪು ಹತ್ತಿರವೇ ಇದೆಯಲ್ಲ, ಬಾವಿ ನೀರಿಗೆ ಕಲಸಿದರಾಯ್ತು ಅಂತ ಒಬ್ಬರು ಸಲಹೆ ಕೊಟ್ಟರು. ಆಗೋದಿಲ್ಲ. ಆಗರದಲ್ಲಿ ಉಪ್ಪು ಹರಳಾಗುವಾಗ ಮೆಗ್ನೀಸಿಯಂ ಮುಂತಾದ್ದು ಬಹಳಷ್ಟು ಉಳಿದ ಕಹಿನೀರಿನಲ್ಲೇ ಹೋಗ್ತದೆ. ಉಪ್ಪು ಕರಗಿಸಿದರೆ ಉಪ್ಪುನೀರು ಆಗ್ತದೆ, ಸಮುದ್ರದ ನೀರು ಆಗೋದಿಲ್ಲ. ನಾನು ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ನೀರು ತಂದು ಬಟ್ಟೆಯಲ್ಲಿ ಸೋಸಿ ಇಡ್ತೇನೆ. ಭತ್ತದ ಬೀಜ ಆರಿಸುವಾಗ ಉಪ್ಪುನೀರಿಗೆ ಮೊಟ್ಟೆ ತೇಲಿಸಿ ನೋಡ್ತೇವಲ್ಲ, ಆ ಲೆಕ್ಕ ಇಲ್ಲಿ ನಡೆಯೋದಿಲ್ಲ. ಹೊಸ ಮೊಟ್ಟೆ ಸಮುದ್ರದ ನೀರಿನಲ್ಲೂ ಮುಳುಗ್ತದೆ. ಅದಕ್ಕೇ ಒಂದು ಹೈಡ್ರೋಮೀಟರ್ ತಗೊಂಡೆ. ಸಮುದ್ರದಲ್ಲಿ 1.025ರ ಸುಮಾರು ತೋರಿಸ್ತದೆ, ನನ್ನ ಪೆಟ್ಟಿಗೆ 1.012, ಅಂದ್ರೆ ಅರ್ಧ ಸಮುದ್ರ. ನೀರು ಆರಿ ಕಡಿಮೆಯಾದರೆ ಬಾವಿ ನೀರನ್ನೇ ಹಾಕಬೇಕು. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಕೂತಿರ್ತದೆ.

ಮೀನು ಆರಿಸುವಾಗ ಈ ಸಲ ಆಸೆ ಕಟ್ಟಿಟ್ಟೆ. ಚುಕ್ಕೆಯ ಚಪ್ಪಟೆ ಮೀನು, ಸ್ಕ್ಯಾಟ್ ಅಂತಾರೆ, ಮರಿ ಇರುವಾಗ ನಾಣ್ಯದ ಹಾಗೆ ಮುದ್ದು. ಬೆಳೆದರೆ ಒಂದಡಿ ಆಗ್ತದೆ, 75 ಲೀಟರಿನಲ್ಲಿ ಅದು ಜೈಲು. ಕೆಸರಿನ ಮೇಲೆ ಜಿಗಿಯುವ ಮೀನಿಗೆ ಒಣ ಜಾಗ ಬೇಕು, ಬೇಡ. ಕೊನೆಗೆ ಉಳಿದದ್ದು ಇಷ್ಟು: ಹಳದಿ-ಕಿತ್ತಳೆ ಬಣ್ಣದ, ಮೂರಿಂಚು ಮೀರದ ಆರೆಂಜ್ ಕ್ರೋಮೈಡ್ ನಾಲ್ಕು, ಮೈಯೊಳಗಿನ ಮುಳ್ಳು ಕಾಣುವ ಗಾಜು ಮೀನು ಆರು, ಪಾಚಿ ತಿನ್ನುವ ಸಣ್ಣ ಬಸವನಹುಳು ಒಂದಷ್ಟು. ಮೇಲೆ ಒಂದು ಕಾಂಡ್ಲಾ ಕೋಡು ಸಿಕ್ಕಿಸಿದ್ದೇನೆ, ಬೇರು ನೀರಿಗೆ, ಎಲೆ ಗಾಳಿಗೆ. ಆ ಕ್ರೋಮೈಡಿನ ಮರಿಗಳು ದೊಡ್ಡ ಕರಿಮೀನಿನ ಮೈಯ ಹುಳ, ಬೂಷ್ಟು ಕಿತ್ತು ತಿಂದು ಅದನ್ನ ಚೊಕ್ಕ ಮಾಡ್ತವಂತೆ. ನಲವತ್ತು ವರ್ಷ ಎರಡನ್ನೂ ಒಂದೇ ಬಲೆಯಲ್ಲಿ ಹಿಡಿದಿದ್ದೇನೆ, ಇದು ಗೊತ್ತಿರಲಿಲ್ಲ.

ಪಾಚಿಯ ಜೊತೆ ಒಂದು ದಿನ ಹುಲ್ಲುಕಡ್ಡಿಯಂಥ ಮೀನು ಬಂದುಬಿಟ್ಟಿತ್ತು, ಪೈಪ್ ಫಿಶ್. ಕಡಲಕುದುರೆಯ ದಾಯಾದಿ. ಬಹಳ ಚಂದ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಕಡಲಕುದುರೆ, ಪೈಪ್ ಫಿಶ್, ಹವಳ ಎಲ್ಲ ಹುಲಿಯ ಜೊತೆ ಕೂತಿವೆ. ಸಂಜೆಯೊಳಗೆ ಸಿಕ್ಕಿದ ಜಾಗಕ್ಕೇ ಬಿಟ್ಟು ಬಂದೆ. ಬಲೆಯಲ್ಲಿ ಸಿಕ್ಕಿತು ಅಂತ ಕಡಲಕುದುರೆ ಯಾರಾದರೂ ಕೊಟ್ಟರೆ ನೀವೂ ತಗೊಳ್ಳಬೇಡಿ. ಇನ್ನೊಂದು, ಅಂಗಡಿ ಮೀನಿನ ಜೊತೆ ಇದ್ದ ಮೀನನ್ನ ಯಾವತ್ತೂ ಹೊಳೆಗೆ ಬಿಡಬೇಡಿ, ರೋಗ ದಾಟಿಸಿದ ಹಾಗಾಗ್ತದೆ.

ಡಿಸೆಂಬರ್ ಕೊನೆಗೆ ಮೊಮ್ಮಗಳು ಬಂದಳು. ಪೆಟ್ಟಿಗೆ ತೋರಿಸುವ ಮೊದಲು ಅವಳನ್ನ ತೆಂಗಿನ ಬುಡಕ್ಕೆ ಕರಕೊಂಡು ಹೋದೆ. ಅವತ್ತು ಹನ್ನೊಂದು ಮೀನು ಸತ್ತವು, ಕೊಂದದ್ದು ನಾನೇ, ನಿನಗೆ ಸುಳ್ಳು ಹೇಳಿದೆ ಅಂದೆ. ಹೇಳಲಿಕ್ಕೆ ಅರ್ಧ ನಿಮಿಷ ಸಾಕಾಯ್ತು, ಧೈರ್ಯ ಮಾಡಲಿಕ್ಕೆ ಎರಡು ತಿಂಗಳು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಕೂಳೆ ಹಾಕಿದ್ದಕ್ಕಾ?" ಅಂದಳು. ಹೌದು, ಮತ್ತೆ ಗಡಿಬಿಡಿ ಮಾಡಿದ್ದಕ್ಕೆ ಅಂದೆ. ಆಮೇಲೆ ಅವಳೇ ನನ್ನ ಕೈ ಹಿಡಿದು ಜಗಲಿಗೆ ಎಳೆದಳು.

ಮಗನ ವಿಷಯ ಇದೆ. ನೆರೆಗೆ ಒಡ್ಡು ಬಿರುಕು ಬಿಟ್ಟಾಗಿನಿಂದ ನಮ್ಮ ಪಾಲಿನ ಗಜನಿಯಲ್ಲಿ ಅರ್ಧ ಪಾಳು. ದಸರಾಕ್ಕೆ ಬಂದವನು ಅದನ್ನ ವರ್ಷವಿಡೀ ಶೆಟ್ಲಿ ಸಾಕುವವರಿಗೆ ಗುತ್ತಿಗೆ ಕೊಟ್ಟುಬಿಡುವ ಅಂದಿದ್ದ. ವರ್ಷವಿಡೀ ಉಪ್ಪುನೀರು ನಿಂತರೆ ಕಗ್ಗವೂ ಏಳೋದಿಲ್ಲ ಅಂತ ನಾನು ಜಗಳ ಮಾಡಿದ್ದೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು ಅಂತ ಪೇಪರಿನಲ್ಲಿ ಬಂದಾಗ ಕತ್ತರಿಸಿ ಕಳಿಸಿದ್ದೆ, ಅದಕ್ಕೂ ಉತ್ತರ ಇರಲಿಲ್ಲ. ಡಿಸೆಂಬರಿನಲ್ಲಿ ಅವನು ರಾತ್ರಿ ಹನ್ನೊಂದಕ್ಕೆ ಒಬ್ಬನೇ ಪೆಟ್ಟಿಗೆ ಮುಂದೆ ಕೂತಿದ್ದ. ಏನೂ ಕೇಳಲಿಲ್ಲ ನಾನು.

ಮೊನ್ನೆ ಒಂದು ಜೋಡಿ ಕ್ರೋಮೈಡ್ ಹಂಚಿನ ತುಂಡಿನ ಮೇಲೆ ಮೊಟ್ಟೆ ಇಟ್ಟಿದೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ರೆಕ್ಕೆ ಬೀಸಿ ಕಾಯ್ತಿವೆ, ಗಾಜು ಮೀನುಗಳನ್ನ ಹತ್ತಿರ ಬಿಡ್ತಿಲ್ಲ. ಮರಿಯಾದರೆ ಅವು ಅಪ್ಪ ಅಮ್ಮನ ಮೈಯ ಲೋಳೆಯನ್ನೂ ಮೆಲ್ಲುತ್ತವೆ. ವಿಡಿಯೋ ಕಾಲಿನಲ್ಲಿ ತೋರಿಸಿದೆ. ಮೊಮ್ಮಗಳು ಮೊಟ್ಟೆ ಎಣಿಸ್ತಾ ಇದ್ದಳು, ಹಿಂದಿನಿಂದ ಮಗ "ಅಪ್ಪಾ, ಜಂತ್ರಡಿ ಹಲಗೆ ಬದಲಿಸಲಿಕ್ಕೆ ಎಷ್ಟು ಜನ ಬೇಕು?" ಅಂದ.

ನಾಲ್ಕು ಜನ, ಇಳಿತದ ಹೊತ್ತಿಗೆ ಅಂದೆ. ಶಿವರಾತ್ರಿಗೆ ಬರ್ತಾನಂತೆ. ಮೂರು ಜನ ಇದ್ದೇವೆ.