ಕ್ಲಿಪ್ಪಿಗೆ ಚೀಟಿ, ದವಡೆಗೆ ಪಾಲಿಸಿ

ಆರೋಗ್ಯ ವಿಮೆ ಮಾಡಿಸಿದವರಲ್ಲಿ ಎರಡು ಪಂಗಡ: ಪಾಲಿಸಿಯನ್ನು ಓದದೆ ಬೀರುವಿನಲ್ಲಿಟ್ಟು ನೆಮ್ಮದಿಯಾಗಿರುವವರು, ಓದಿ ನೆಮ್ಮದಿ ಕಳೆದುಕೊಂಡವರು. ನಮ್ಮ ಭಾವ ಎರಡಕ್ಕೂ ಸೇರದೆ, ಓದುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಅವರ ಮಗಳಿಗೆ ಹದಿನಾಲ್ಕು. ಕೆಳದವಡೆ ಮುಂದಕ್ಕೆ ಬಂದಿದೆ. ಮುಂದಿನ ಹಲ್ಲುಗಳು ಕೂಡುವುದಿಲ್ಲ, ದೋಸೆ ಹರಿಯಬೇಕಾದರೂ ಬಾಯಿಯ ಮೂಲೆಗೆ ತಳ್ಳಬೇಕು. ಮೊದಲು ಕ್ಲಿಪ್, ಬೆಳವಣಿಗೆ ಮುಗಿದ ಮೇಲೆ ಆಪರೇಷನ್, ಆಮೇಲೂ ಕೆಲವು ತಿಂಗಳು ಕ್ಲಿಪ್ ಎಂದಿದ್ದಾರೆ ಡಾಕ್ಟರು. “ವಿಮೆ ಇದೆಯಲ್ಲ, ಎಷ್ಟು ಬರುತ್ತೆ ನೋಡಿ ಹೇಳೋ ಮಾರಾಯ” ಎಂದರು ಭಾವ.

ನೋಡಿದೆ. ವಿಮೆಯವರ ಲೆಕ್ಕದಲ್ಲಿ ಹಲ್ಲೆಂದರೆ ದೇಹದಲ್ಲಿ ಬಾಡಿಗೆಗಿರುವ ಸಂಸಾರ. ಮನೆ ಬಿರುಕು ಬಿಟ್ಟರೆ ಮಾತಾಡಬಹುದು. ಬಾಡಿಗೆಯವರ ಮಂಚ ಸೊಟ್ಟಗಿದ್ದರೆ ಅದು ಅವರ ಪಾಡು. ಕ್ಲಿಪ್ ಅಂದರೆ ಕುರ್ಚಿಯಲ್ಲಿ ಕೂರಿಸಿ, ತಂತಿ ಬಿಗಿಮಾಡಿ, ಮನೆಗೆ ಕಳಿಸುವ ಕೆಲಸ. ನಮ್ಮ ಸಾಮಾನ್ಯ ಪಾಲಿಸಿ ಕೇಳುವುದೋ, ಆಸ್ಪತ್ರೆಯಲ್ಲಿ ಕನಿಷ್ಠ 24 ಗಂಟೆ ಮಲಗಿದ್ದಿರಾ ಎಂದು. ಆಸ್ಪತ್ರೆ ಸೇರುವ ಮುಂಚಿನ ಖರ್ಚನ್ನೂ ಕೊಡುತ್ತಾರೆ, ನಿಜ. ಆದರೆ ಅದು ಸಾಮಾನ್ಯವಾಗಿ 30 ದಿನ, 60 ದಿನಗಳ ಮಾತು. ದವಡೆ ಆಪರೇಷನ್ನಿಗೆ ಮುಂಚಿನ ಕ್ಲಿಪ್ಪು ಎಷ್ಟೋ ಸಲ ವರ್ಷ ದಾಟುತ್ತದೆ.

ದವಡೆಯ ಕಥೆ ಬೇರೆ. ಪೂರ್ತಿ ಅರಿವಳಿಕೆ ಕೊಟ್ಟು, ಬಾಯೊಳಗಿನಿಂದಲೇ ಮೂಳೆ ಕೊಯ್ದು, ಜಾಗಕ್ಕೆ ಸರಿಸಿ, ಟೈಟಾನಿಯಂ ಪಟ್ಟಿಯಿಟ್ಟು ಸ್ಕ್ರೂ ಹಾಕುತ್ತಾರೆ. 24 ಗಂಟೆ ತಾನಾಗಿಯೇ ತುಂಬುತ್ತದೆ. ಇಲ್ಲಿ ಅಡ್ಡ ಬರುವುದು ಇನ್ನೊಂದು ಷರತ್ತು: ರೂಪ ಬದಲಿಸುವ ಚಿಕಿತ್ಸೆಗೆ ಹಣವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆಯಲ್ಲಿ ಬರೆದುಕೊಟ್ಟ ಷರತ್ತು ಇದು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಸರಿಪಡಿಸುವುದಕ್ಕೆ ವಿನಾಯಿತಿ ಉಂಟು. ಇಲ್ಲವೇ, ಆರೋಗ್ಯಕ್ಕೆ ಒದಗಿರುವ ನೇರವಾದ, ತಕ್ಷಣದ ಅಪಾಯ ತಪ್ಪಿಸಲು ಇದು ಬೇಕೇಬೇಕೆಂದು ಚಿಕಿತ್ಸೆ ಕೊಡುವ ವೈದ್ಯರು ಬರೆದುಕೊಡಬೇಕು.

ಇದನ್ನು ಓದುತ್ತಿದ್ದಾಗ ನನಗೆ ಹಳೆಯ ಎರಡು ದವಡೆಗಳು ನೆನಪಾದವು. 1849ರಲ್ಲಿ ಅಮೆರಿಕದ ವೀಲಿಂಗ್ ಎಂಬ ಊರಿನಲ್ಲಿ ಸೈಮನ್ ಹಲ್ಲಿಹೆನ್ ಎಂಬ, ಹೆಸರಲ್ಲೇ ಹಲ್ಲಿದ್ದ ವೈದ್ಯ, ಒಬ್ಬ ಯುವತಿಯ ಕೆಳದವಡೆ ಕೊಯ್ದು ಸರಿಪಡಿಸಿದ. ದವಡೆ ತಿದ್ದುವ ಶಸ್ತ್ರಚಿಕಿತ್ಸೆಯ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಆಕೆಯ ದವಡೆ ಕೆಟ್ಟಿದ್ದು ಬೆಂಕಿಯಿಂದ. ಇವತ್ತಿನ ಷರತ್ತಿನಲ್ಲಿ ಆಕೆ ಪಾಸು. ಇನ್ನೊಂದು ದವಡೆ 1700ರಲ್ಲಿ ತೀರಿಕೊಂಡ ಸ್ಪೇನಿನ ದೊರೆ ಎರಡನೇ ಚಾರ್ಲ್ಸನದು. ಹ್ಯಾಬ್ಸ್‌ಬರ್ಗ್ ಮನೆತನದವರು ಸಂಬಂಧದಲ್ಲೇ ಮದುವೆಯಾಗುತ್ತಾ ಕಿರೀಟದ ಜತೆಗೆ ಮುಂಚಾಚಿದ ದವಡೆಯನ್ನೂ ಮಕ್ಕಳಿಗೆ ಕೊಟ್ಟರು; ಇವನಿಗೆ ಅಗಿಯುವುದೇ ಕಷ್ಟವಾಗಿತ್ತು. ಕ್ಲೇಮ್ ಹಾಕಿದ್ದರೆ ದೊರೆ ಫೇಲು. ಹುಟ್ಟಿನಿಂದ ಬಂದು ಹೊರಗೆ ಕಾಣುವ ದೋಷಕ್ಕೆ ಹಣವಿಲ್ಲ ಎನ್ನುವ ಪಾಲಿಸಿಗಳು ಅನೇಕ.

ಭಾವನ ಮಗಳಿಗೆ ಉಳಿದಿರುವುದು ಕಾಗದದ ದಾರಿ. ಡಾಕ್ಟರ ಪತ್ರದ ಮೊದಲ ಸಾಲಿನಲ್ಲೇ “ಮುಖದ ಅಂದ ಹೆಚ್ಚುತ್ತದೆ” ಎಂದಿದ್ದರೆ, ಕಂಪನಿಯ ಪರವಾಗಿ ಕ್ಲೇಮ್ ನೋಡುವ ಟಿಪಿಎಯವರು ಎರಡನೆಯ ಸಾಲಿಗೆ ಹೋಗುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಅಗಿಯಲಾಗದ್ದು, ಕೀಲುನೋವು, ಉಸಿರಾಟದ ತೊಡಕು, ಯಾವುದಿದೆಯೋ ಅದನ್ನು ಇರುವಂತೆ ಬರೆಸಬೇಕು. ಜತೆಗೆ ಎಕ್ಸ್‌ರೇ, ಫೋಟೋ, ಹಲ್ಲಿನ ಅಚ್ಚು; ನಿದ್ದೆಯಲ್ಲಿ ಉಸಿರು ಕಟ್ಟುವವರಾದರೆ ನಿದ್ರಾ ಪರೀಕ್ಷೆಯ ವರದಿ. ಕ್ಲಿಪ್ಪಿನ ಬಿಲ್ಲೇ ಬೇರೆ, ಆಪರೇಷನ್ ಬಿಲ್ಲೇ ಬೇರೆ ಇರಲಿ. ಎರಡೂ ಕಲಸಿಹೋದರೆ ಬಾಡಿಗೆಯವರ ಜತೆ ಮನೆಯೂ ಹೋಗುತ್ತದೆ.

ಭಾವನದು ಆಫೀಸಿನ ಗುಂಪು ಪಾಲಿಸಿ, ನಿವೃತ್ತಿಯೂ ದೂರವಿಲ್ಲ. “ಹೊಸದೊಂದು ಮಾಡಿಸಿದರೆ?” ಎಂದರು. ಮೊದಲೇ ಇರುವ ತೊಂದರೆಗೆ ಕಾಯಬೇಕಾದ ಅವಧಿ ಹಿಂದೆ ನಾಲ್ಕು ವರ್ಷದವರೆಗೂ ಇತ್ತು. 2024ರಿಂದ ಹೆಚ್ಚೆಂದರೆ ಮೂರು. ದವಡೆಯ ಬೆಳವಣಿಗೆ ನಿಲ್ಲುವುದು ಹದಿನೇಳು ಹದಿನೆಂಟರ ಹೊತ್ತಿಗೆ. ಅಲ್ಲಿಯವರೆಗೆ ಡಾಕ್ಟರು ಹೇಗೂ ಚಾಕು ಎತ್ತುವುದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ ಎಂಬ ಗಾದೆ ಅಪರೂಪಕ್ಕೆ ಸುಳ್ಳಾಗುವ ಜಾಗ ಇದು: ಈಗಲೇ ಮಾಡಿಸಿದರೆ ದವಡೆ, ಪಾಲಿಸಿ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ. ಆದರೆ ಅರ್ಜಿಯಲ್ಲಿ ತೊಂದರೆಯನ್ನು ಹೇಳಿಯೇ ಮಾಡಿಸಬೇಕು. ಮುಚ್ಚಿಡೋಣವೆಂದರೆ, ದವಡೆ ಮುಚ್ಚಿಡುವ ವಸ್ತುವೂ ಅಲ್ಲ.

ಇಷ್ಟಾಗಿಯೂ ಕ್ಲೇಮ್ ತಿರಸ್ಕರಿಸಿದರೆ ಬೈದು ಸುಮ್ಮನಾಗಬೇಡಿ. ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲೇ ಇದೆ. ಶುಲ್ಕವಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಕೇಳುತ್ತಾರೆ.

ಭಾವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಕ್ಲಿಪ್ಪಿಗೆ ಚೀಟಿ ಹಾಕಿ, ದವಡೆಗೆ ಪಾಲಿಸಿ ಮಾಡಿಸಿ. ಎರಡಕ್ಕೂ ಹಣ ಬರುತ್ತದೆ ಎನ್ನುವ ಏಜೆಂಟ್ ಸಿಕ್ಕರೆ ಕಾಫಿ ಕೊಡಿ. ಆದರೆ ಸಹಿ ಹಾಕುವ ಮೊದಲು ಆ ಮಾತನ್ನು ಕಂಪನಿಯಿಂದ ಬರೆಸಿಕೊಳ್ಳಿ.