ಅಜ್ಜಿ ಕತೆಗಳಿಗೊಂದು ಬಾಡಿಗೆ ಮನೆ

ಪುಕ್ಕಟೆ ಜಾಗದಲ್ಲಿ ಬರೆಯೋದು ಸುಖ, ನಿಜ. ಆದ್ರೆ 2009ರಲ್ಲಿ ಯಾಹೂ ಜಿಯೋಸಿಟೀಸ್ ಮುಚ್ಚಿದಾಗ ಎಷ್ಟೋ ಜನರ ಪುಟಗಳು ಹೇಳಹೆಸರಿಲ್ಲದಂತೆ ಹೋದವು. ನಮ್ಮಜ್ಜಿ ಈಗಿಲ್ಲ, ಅವರ ಕತೆಗಳನ್ನು ಮತ್ತೆ ಕೇಳಿ ಬರೆಯೋ ಹಾಗಿಲ್ಲ. ಅವಕ್ಕೆಂದೇ ಒಂದು ಹೋಸ್ಟಿಂಗ್ ಖಾತೆ ತಗೊಂಡು ವರ್ಡ್‌ಪ್ರೆಸ್ ಹಾಕಿದೆ.

ಬ್ರಹ್ಮವಿದ್ಯೆಯೇನಲ್ಲ ಮಾರಾಯ್ರೆ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಒಂದು ಡೇಟಾಬೇಸ್, ಅದಕ್ಕೊಂದು ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿ. ವರ್ಡ್‌ಪ್ರೆಸ್ ಕಡತಗಳನ್ನು ಎಸ್‌ಎಫ್‌ಟಿಪಿಯಲ್ಲಿ ಏರಿಸಿ. ಬ್ರೌಸರಿನಲ್ಲಿ ನಿಮ್ಮ ವಿಳಾಸ ತೆರೆದರೆ ಅದೇ ಈ ವಿವರ ಕೇಳುತ್ತೆ, ಕೊಟ್ಟರೆ ಆಯ್ತು.

ಕನ್ನಡದ 'ಕ'ಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಡೇಟಾಬೇಸ್ ಕೋಷ್ಟಕಗಳು ಹಳೇ ಲ್ಯಾಟಿನ್-1ರಲ್ಲಿದ್ದರೆ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದೀತು. ಯುಟಿಎಫ್8ಎಂಬಿ4 ಇದೆಯಾ ನೋಡ್ಕೊಳ್ಳಿ.

ಬಾಡಿಗೆ ನಿಂತರೆ ಈ ಮನೆಯೂ ಹೋಗುತ್ತೆ. ಅದಕ್ಕೇ ತಿಂಗಳಿಗೊಮ್ಮೆ ಡೇಟಾಬೇಸನ್ನೂ ಫೋಟೋಗಳನ್ನೂ ಮನೆಯ ಡಿಸ್ಕಿಗೆ ಇಳಿಸ್ಕೋತೀನಿ. ನೀವೂ ಇಳಿಸ್ಕೊಳ್ಳಿ.