ಪಾರ್ಲೆಯ ಪದ್ಮಿನಿಗೆ ಹೊಸ ಬಳೆ

ವಿಲೆ ಪಾರ್ಲೆ ಎಂದೊಡನೆ ಹಳೆಯ ಮುಂಬಯಿಗರಿಗೆ ನೆನಪಾಗುವುದು ಬಿಸ್ಕೆಟಿನ ಘಮ. 1929ರಲ್ಲಿ ಹುಟ್ಟಿದ ಆ ಕಾರ್ಖಾನೆ 2016ರಲ್ಲಿ ಮುಚ್ಚಿತು. ಊರಿನ ಹೆಸರು ಮಾತ್ರ ದೇಶದ ಮೂಲೆ ಮೂಲೆಯ ಬಿಸ್ಕೆಟ್ ಪೊಟ್ಟಣದ ಮೇಲೆ ಉಳಿದಿದೆ. ನೀವು ಎಂದಾದರೂ ಬಿಡುವಾಗಿ ಪಾರ್ಲೆ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ಪು.ಲ. ದೇಶಪಾಂಡೆಯವರು ಬೆಳೆದ ಆ ಓಣಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಎರಡು ಮೂರು ಮಾಳಿಗೆಯ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಸಮವಾಗಿ ಗಗನಚುಂಬಿಗಳು ಏಳುತ್ತಿವೆ. ಉಳಿದಿರುವ ಯಾವುದಾದರೂ ಕಾಂಪೌಂಡಿನಲ್ಲಿ, ಹರಿದ ತಾಡಪತ್ರಿಯ ಕೆಳಗೆ ನಿಮಗೆ ಒಬ್ಬಳು ‘ಪದ್ಮಿನಿ’ ಕಂಡರೆ ಆಶ್ಚರ್ಯವಿಲ್ಲ. ಪ್ರೀಮಿಯರ್ ಪದ್ಮಿನಿ ಕಾರು, ಸ್ವಾಮಿ!

ಈ ಕಾರಿಗೂ ಕನ್ನಡಿಗರಿಗೂ ಇರುವ ನಂಟು ಬಹಳ ಜನರಿಗೆ ತಿಳಿಯದು. ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು ಹಟ ಹಿಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಯೋಜನೆ ಬರೆದರು. ಅದಕ್ಕೆ ಕೈಜೋಡಿಸಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನದಲ್ಲೇ ಕಾರ್ಖಾನೆ ಹೂಡುವ ಮಾತೂ ನಡೆದಿತ್ತು. ಬ್ರಿಟಿಷ್ ಸರಕಾರ ಅಡ್ಡಗಾಲು ಹಾಕಿತು. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಗಿ, ಕುರ್ಲಾದಲ್ಲಿ ಕಾರ್ಖಾನೆ ತಲೆಯೆತ್ತಿತು. ಇಟಲಿಯ ಫಿಯಟ್ 1100 ಇಲ್ಲಿ ತಯಾರಾಗಿ, 1970ರ ದಶಕದಲ್ಲಿ ‘ಪದ್ಮಿನಿ’ ಎಂಬ ಹೆಸರು ಪಡೆಯಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯೆಂದರೆ ಇವಳೇ ಆಗಿದ್ದ ಕಾಲವೊಂದಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಮುಗಿದದ್ದು 2023ರ ಅಕ್ಟೋಬರಿನಲ್ಲಿ. ಈಗ ಉಳಿದಿರುವುದು ಮನೆಯವರು ಮಕ್ಕಳಂತೆ ಸಾಕಿಕೊಂಡ ಖಾಸಗಿ ಗಾಡಿಗಳು ಮಾತ್ರ.

ಅಂಥ ಗಾಡಿ ನಿಮ್ಮ ಮನೆಯಲ್ಲಿದ್ದರೆ ಒಂದಲ್ಲ ಒಂದು ದಿನ ಹೀಗಾಗಬಹುದು. ಪ್ಲಗ್ ಬದಲಿಸಲು ಹೋಗುತ್ತೀರಿ. ಎಷ್ಟು ತಿರುಗಿಸಿದರೂ ಅದು ಬಿಗಿಯಾಗದೆ ಸುಮ್ಮನೆ ಸುತ್ತುತ್ತದೆ. ಗಾಡಿ ಹೊರಟರೆ ‘ಫಟ್ ಫಟ್’ ಸದ್ದು, ಎಳೆತವಿಲ್ಲ, ಪ್ಲಗ್ಗಿನ ಬುಡದಲ್ಲಿ ಕಪ್ಪು ಮಸಿ. ಮೆಕ್ಯಾನಿಕ್ ನೋಡಿ, ‘ಚೂಡಿ ಗಯೀ ಸಾಹೇಬ್’ ಎನ್ನುತ್ತಾನೆ. ಚೂಡಿ ಎಂದರೆ ಬಳೆಯೂ ಹೌದು, ಸ್ಕ್ರೂವಿನ ಥ್ರೆಡ್ಡೂ ಹೌದು. ಪದ್ಮಿನಿಯ ಬಳೆ ಒಡೆದಿದೆ! ಮುಂದಿನ ಮಾತು, ‘ಹೊಸ ಹೆಡ್ ಸಿಗುವುದಿಲ್ಲ, ಭಂಗಾರಿಗೆ ಹಾಕಿ’. ಸೊಸೈಟಿಯವರೂ ಜಾಗ ಖಾಲಿ ಮಾಡಿ ಎನ್ನುತ್ತಿರುವಾಗ ಮನಸ್ಸು ಅತ್ತಲೇ ವಾಲುತ್ತದೆ. ತಡೆಯಿರಿ. ಸವೆದಿರುವುದು ಹದಿನಾಲ್ಕು ಮಿಲಿಮೀಟರ್ ಅಗಲದ ಒಂದು ತೂತು ಮಾತ್ರ. ಅದಕ್ಕಾಗಿ ಗಾಡಿಯನ್ನೇ ಮಾರುವುದು ಇಲಿಗೆ ಹೆದರಿ ಮನೆ ಸುಟ್ಟಂತೆ.

ಹೀಗೇಕಾಗುತ್ತದೆ? ಪದ್ಮಿನಿಯ ಎಂಜಿನ್ ಬ್ಲಾಕು ಬೀಡು ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯುಮಿನಿಯಮ್ಮಿನದು, ಪ್ಲಗ್ ಉಕ್ಕಿನದು. ಮೆತ್ತನೆಯ ಲೋಹದಲ್ಲಿ ಗಟ್ಟಿ ಲೋಹವನ್ನು ಓರೆಯಾಗಿ ತುರುಕಿದರೆ, ಬಿಸಿಯಿರುವಾಗಲೇ ಬಿಚ್ಚಿದರೆ, ಉದ್ದನೆಯ ಹಿಡಿ ಹಾಕಿ ಜಗ್ಗಿದರೆ ಸೋಲುವುದು ಮೆತ್ತನೆಯದೇ.

ಮೊದಲು ಟಾರ್ಚ್ ಹಿಡಿದು ನೋಡಿ. ಮೇಲಿನ ಒಂದೆರಡು ಸುತ್ತು ಮಾತ್ರ ಕೆಟ್ಟಿದ್ದರೆ ಖರ್ಚು ಹೆಚ್ಚುಕಡಿಮೆ ಇಲ್ಲವೆನ್ನಬಹುದು. ಅದೇ ಅಳತೆಯ ಹಳೆಯ ಪ್ಲಗ್ಗಿನ ಥ್ರೆಡ್ಡಿನ ಮೇಲೆ ಉದ್ದಕ್ಕೂ ಮೂರು ನಾಲ್ಕು ಗೀರುಗಳನ್ನು ಸಣ್ಣ ಗರಗಸದಿಂದ ಕೊರೆಯಿರಿ, ಅರದಿಂದ ನಯಮಾಡಿ ಗೀರುಗಳಿಗೆ ದಪ್ಪ ಗ್ರೀಸ್ ತುಂಬಿ. ಕೈಯಿಂದಲೇ ನೆಟ್ಟಗೆ ಹಿಡಿದು, ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ತಿರುಗಿಸುತ್ತಾ ಇಳಿಸಿ. ಬಾಗಿದ ಥ್ರೆಡ್ ನೆಟ್ಟಗಾಗುತ್ತದೆ. ಪುಡಿ ಗ್ರೀಸಿಗೆ ಅಂಟಿಕೊಳ್ಳುತ್ತದೆ.

ಪೂರ್ತಿ ಹೋಗಿದ್ದರೆ ಎರಡು ದಾರಿಗಳಿವೆ. ಒಂದು, ‘ಹೆಲಿಕಾಯಿಲ್’ ಎಂಬ ಉಕ್ಕಿನ ತಂತಿಯ ಸುರುಳಿ. ತೂತಿಗೆ ತುಸು ದೊಡ್ಡ ಥ್ರೆಡ್ ಕೊರೆದು ಈ ಸುರುಳಿಯನ್ನು ಕೂರಿಸಿದರೆ, ಅದರ ಒಳಮೈಯೇ 14 ಮಿ.ಮೀ., 1.25 ಪಿಚ್ಚಿನ ಹೊಸ ಥ್ರೆಡ್ ಆಗುತ್ತದೆ. ಇನ್ನೊಂದು, ಲೇತಿನಲ್ಲಿ ಕಡೆಸಿದ ಬುಷ್: ಹೊರಗೂ ಒಳಗೂ ಥ್ರೆಡ್ ಇರುವ, ಮೇಲೆ ಅಂಚುಳ್ಳ ಗಟ್ಟಿ ಕೊಳವೆ. ಆ ಅಂಚೇ ಅದು ಒಳಗೆ ಜಾರದಂತೆ ತಡೆಯುತ್ತದೆ. ಬುಷ್ಷಿನ ಕೆಳತುದಿ ಒಳಗೆ ಚಾಚಬಾರದು. ಚಾಚಿದರೆ ಕೆಂಡದಂತೆ ಕಾದು ಪೆಟ್ರೋಲನ್ನು ಅವೇಳೆಯಲ್ಲಿ ಹೊತ್ತಿಸೀತು.

ಹೆಡ್ ಬಿಚ್ಚಿ ಮಾಡಿಸುವುದೇ ಕ್ಷೇಮ. ಹೊಸ ಗ್ಯಾಸ್ಕೆಟ್ಟಿನ ಖರ್ಚು ಬರುತ್ತದೆ, ಆದರೆ ಲೋಹದ ಪುಡಿ ಸಿಲಿಂಡರಿಗೆ ಬೀಳುವ ಭಯವಿಲ್ಲ. ಬಿಚ್ಚದೆಯೇ ಮಾಡುವುದಾದರೆ ಗ್ರೀಸ್ ಹಚ್ಚಿದ ಟ್ಯಾಪನ್ನು ಕಾಲು ಸುತ್ತಿಗೊಮ್ಮೆ ಹಿಂದಿರುಗಿಸಿ, ಪದೇ ಪದೇ ತೆಗೆದು ಒರೆಸಬೇಕು. ಕೊನೆಗೆ ಸಣ್ಣ ಕೊಳವೆಯಿಂದ ಒಳಗನ್ನು ಹೀರಿಸಿ, ಕಾಯಿಲ್ ವೈರು ಕಳಚಿ ಪ್ಲಗ್ಗಿಲ್ಲದೆ ಎಂಜಿನ್ ಕೆಲವು ಸುತ್ತು ತಿರುಗಿಸಬೇಕು. ಎಂ-ಸೀಲ್ ಮೆತ್ತುವ, ಟೆಫ್ಲಾನ್ ಪಟ್ಟಿ ಸುತ್ತುವ ಉಪಾಯ ಮಾತ್ರ ಬೇಡವೇ ಬೇಡ. ಪ್ಲಗ್ಗಿನ ಬಿಸಿ ಇಳಿಯುವುದೇ ಥ್ರೆಡ್ಡು, ವಾಷರುಗಳ ಮೂಲಕ. ನಡುವೆ ಅಂಟು ಸೇರಿದರೆ ಬಿಸಿಯೂ ಇಳಿಯದು, ಪ್ಲಗ್ಗೂ ನಿಲ್ಲದು. ಘಾಟಿಯಲ್ಲಿ ಏರುತ್ತಿರುವಾಗ ಅದು ಬಂದೂಕಿನ ಗುಂಡಿನಂತೆ ಹಾರಿದರೆ ಬಾನೆಟ್ಟಿನ ಗತಿಯೇನು?

ಸಾಮಾನಿಗಾಗಿ ದೂರ ಹೋಗಬೇಕಿಲ್ಲ. ಪಾರ್ಲೆಯಿಂದ ಹೆದ್ದಾರಿ ಹಿಡಿದು ಕಲೀನಾ ದಾಟಿದರೆ ಕುರ್ಲಾದತ್ತ ಸಾಗುವ ಸಿಎಸ್‌ಟಿ ರಸ್ತೆ. ಹಳೆಯ ಗಾಡಿಗಳ ಬಿಡಿಭಾಗಗಳಿಗೆ ಹೆಸರಾದ ಜಾಗ. ಪದ್ಮಿನಿಗೆ ಅದು ತವರೂರಿನ ದಾರಿಯೂ ಹೌದು. ಟ್ಯಾಪು, ಡೈಗಳು ಬೇಕಾದರೆ ಕ್ರಾಫರ್ಡ್ ಮಾರ್ಕೆಟ್ ಬಳಿಯ ನಾಗದೇವಿ ಸ್ಟ್ರೀಟಿಗೆ ಹೋಗಿ. ಲೇತ್ ಕೆಲಸಕ್ಕೆ ಹೋಗುವಾಗ ಸರಿಯಾದ ಪ್ಲಗ್ ಒಂದನ್ನು ಮಾದರಿಗೆ ಕೈಯಲ್ಲಿರಿಸಿಕೊಳ್ಳಿ. ಬಾಯಿಮಾತಿನ ಅಳತೆಗಿಂತ ಅದು ಮೇಲು.

ಗಾಡಿ ಸರಿಯಾದ ಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ. ಎಂಜಿನ್ ತಣ್ಣಗಾದ ಮೇಲೆಯೇ ಪ್ಲಗ್ ಮುಟ್ಟಿ. ಗೇಣುದ್ದದ ರಬ್ಬರ್ ಪೆಟ್ರೋಲ್ ಪೈಪನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ, ಅದರಿಂದಲೇ ತಿರುಗಿಸಿ. ಓರೆಯಾಗಿ ಕುಳಿತರೆ ಪೈಪೇ ಜಾರಿ ಎಚ್ಚರಿಸುತ್ತದೆ. ಬೆರಳಿಗೆ ಬಿಗಿಯಾದ ಬಳಿಕ ಹೊಸ ವಾಷರಾದರೆ ಪಾನದಿಂದ ಅರ್ಧ ಸುತ್ತು, ಹಳೆಯದಾದರೆ ಕಾಲು ಸುತ್ತಿಗೂ ಕಡಿಮೆ. ಅಷ್ಟೇ ಸಾಕು.

ಹಳೆಯದೆಲ್ಲ ಉಳಿಯಲೇಬೇಕೆಂದು ನಾನು ವಾದಿಸುವುದಿಲ್ಲ. ಆದರೆ ಉಳಿಸಬಹುದಾದದ್ದನ್ನು ಅವಸರದಲ್ಲಿ ತೂಕಕ್ಕೆ ಹಾಕುವ ಮುನ್ನ ಒಬ್ಬ ಒಳ್ಳೆಯ ಲೇತ್ ಕೆಲಸಗಾರನನ್ನು ಕೇಳಿ ನೋಡಿ. ಕುರ್ಲಾದ ಗೇಟಿನಿಂದ ಹೊಸ ಪದ್ಮಿನಿ ಇನ್ನು ಹೊರಬರುವುದಿಲ್ಲ. ಇದ್ದವಳ ಕೈಗೆ ಬಳೆ ತೊಡಿಸುವುದು ನಮ್ಮ ಕೈಲೇ ಇದೆ.